ಬಿಸಿಲು ಸೀಮೆಯ ಹಂದರಕ್ಕೆ ಗುಲಾಬಿ: ವಂಶ ಮತ್ತು ಬೇರಿನ ಪ್ರಶ್ನೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಮನೆ ಮುಂದಿನ ಹಂದರವೆಂದರೆ ಮಲ್ಲಿಗೆ, ಜಾಜಿ, ಇಲ್ಲವೆ ಕಾಗದದ ಹೂವು. ಗುಲಾಬಿಯ ಪಾಲಿಗೆ ಬಂದಿರುವುದು ಕುಂಡ. ತಳ್ಳುಗಾಡಿಯವರಿಂದ ಕೊಂಡ ಗಿಡ ಒಂದು ಚಳಿಗಾಲ ಹೂ ಬಿಡುತ್ತದೆ, ಯುಗಾದಿಯ ಹೊತ್ತಿಗೆ ಎಲೆ ಹಳದಿಯಾಗಿ ಕೊಂಬೆ ತುದಿಯಿಂದ ಕಪ್ಪಾಗುತ್ತ ಬರುತ್ತದೆ, ಮೇ ತಿಂಗಳಲ್ಲಿ ಕಡ್ಡಿ ಉಳಿಯುತ್ತದೆ. ಗುಲಾಬಿಗೆ ನಮ್ಮ ಬಿಸಿಲು ಆಗಿಬರುವುದಿಲ್ಲ ಎಂಬ ಮಾತು ಹುಟ್ಟಿದ್ದು ಹೀಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನೆಲದಲ್ಲಿ ಅದು ಸಹಜವಾದ ತೀರ್ಮಾನವೇ. ಆದರೆ ಗುಲಾಬಿಯ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ತಪ್ಪು ಬಿಸಿಲಿನದಲ್ಲ ಎಂಬುದು ತಿಳಿಯುತ್ತದೆ. ಚಳಿ ದೇಶಕ್ಕೆಂದು ಬೆಳೆಸಿದ ವಂಶದ ಗಿಡವನ್ನು, ಎರೆ ನೆಲಕ್ಕೆ ಹೊಂದದ ಬೇರಿನ ಮೇಲೆ ತಂದು ನೆಡುವುದು ನಮ್ಮ ರೂಢಿಯಾಗಿದೆ. ಬಿಸಿಲು ನಾಡಿಗೆ ಒಗ್ಗುವ, ಪರಿಮಳವುಳ್ಳ, ಹಂದರಕ್ಕೆ ಏರುವ ಗುಲಾಬಿಯ ವಂಶ ಬೇರೆಯೇ ಇದೆ. ಎರಡು ಶತಮಾನಗಳಿಂದ ಅದು ಬೆಳೆದು ಬಂದಿದೆ, ಅದರ ಕೆಲವು ಮುಖ್ಯ ಘಟ್ಟಗಳು ನಡೆದಿರುವುದು ಭಾರತದಲ್ಲೇ.

ಈ ಸೀಮೆಗೆ ಗುಲಾಬಿ ಹೊಸದೇನೂ ಅಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಶಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್, ಅಲ್ಲಿಯ ಜನ ಗುಲಾಬಿಯನ್ನು ಅನ್ನದಷ್ಟೇ ಅಗತ್ಯವೆಂದು ಎಣಿಸುತ್ತಾರೆ, ಅದು ಎಲ್ಲೆಲ್ಲೂ ಮಾರಾಟವಾಗುತ್ತದೆ ಎಂಬ ಅರ್ಥದ ಮಾತು ಬರೆದಿದ್ದಾನೆ. ಆ ರಾಜಧಾನಿಗೂ ಬಹಮನಿಯವರಿಗೂ ನಡುವೆ ಪದೇ ಪದೇ ಕೈಬದಲಾದ ಎಡೆದೊರೆ ನಾಡಿನಲ್ಲೇ ಇಂದಿನ ಈ ಮೂರು ತಾಲೂಕುಗಳಿವೆ. ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆ ಅದಕ್ಕೆ ಸಾಕ್ಷಿ. ತುಂಗಭದ್ರೆಯ ಆಚೆಈಚೆ ಇದೇ ಬಿಸಿಲಿನಲ್ಲಿ ಪೇಟೆ ತುಂಬುವಷ್ಟು ಗುಲಾಬಿ ಬೆಳೆಯುತ್ತಿತ್ತೆಂದ ಮೇಲೆ ಹವೆಯನ್ನು ದೂರುವುದಕ್ಕೆ ಆಧಾರ ಉಳಿಯುವುದಿಲ್ಲ. ಆದರೆ ದೇವರ ಮುಡಿಗೆ, ದರ್ಗಾದ ಚಾದರಕ್ಕೆ, ಗುಲ್ಕಂದಿಗೆ ಹೋಗುತ್ತ ಬಂದ ಗುಲಾಬಿ ಗಿಡದ ಗುಲಾಬಿ, ಬಳ್ಳಿಯದಲ್ಲ. ಉತ್ತರದ ಕನೌಜ್, ಪುಷ್ಕರಗಳಲ್ಲಿ ಅತ್ತರಿಗೆಂದು ಬೆಳೆಯುವ ಡಮಾಸ್ಕ್ ಗುಲಾಬಿಗೆ ಪರಿಮಳವೇನೋ ತುಂಬಿದೆ. ಆದರೆ ಅದು ಚಳಿ ಕಳೆದ ಮೇಲೆ ಕೆಲವೇ ವಾರ ಹೂ ಬಿಡುವ ಪೊದೆ, ಹಂದರ ಏರುವ ಗುಣ ಅದಕ್ಕಿಲ್ಲ.

ಪರಿಮಳ, ಏರುವ ಗುಣ, ಮತ್ತೆ ಮತ್ತೆ ಹೂ ಬಿಡುವ ಗುಣ ಈ ಮೂರೂ ಒಂದೇ ಗಿಡದಲ್ಲಿ ಕೂಡುವುದು ಅಪರೂಪ. ಅದಕ್ಕೆ ಕಾರಣ ಗಿಡದ ಒಳಗೇ ಇದೆ. ಕಾಡು ಗುಲಾಬಿ ವರ್ಷಕ್ಕೊಮ್ಮೆ ಹೂ ಬಿಟ್ಟು ಉಳಿದ ಕಾಲವೆಲ್ಲ ಉದ್ದಕ್ಕೆ ಬೆಳೆಯುತ್ತದೆ. ಹೂ ಬಿಡುವುದನ್ನು ತಡೆದು ಬೆಳೆಯಲು ಬಿಡುವ ಒಂದು ಜೀನು ಅದರಲ್ಲಿದೆ. ಚೀನಾದ ಗುಲಾಬಿಯಲ್ಲಿ ಆ ಜೀನಿನೊಳಗೆ ಹೊರಗಿನ ತುಣುಕೊಂದು ಸೇರಿಕೊಂಡು ಅದು ಕೆಲಸ ನಿಲ್ಲಿಸಿದೆ ಎಂದು 2012ರಲ್ಲಿ ವಿಜ್ಞಾನಿಗಳು ತೋರಿಸಿದರು. ತಡೆ ಹೋದದ್ದರಿಂದ ಪ್ರತಿ ಚಿಗುರಿನ ತುದಿಯಲ್ಲೂ ಹೂ. ಹೂ ಬಂದ ಚಿಗುರು ಮುಂದೆ ಬೆಳೆಯದು, ಆದ್ದರಿಂದ ಗಿಡ ಗಿಡ್ಡ. ಹೂ ಹೆಚ್ಚಾದಂತೆ ಬಳ್ಳಿತನ ಕುಂದುತ್ತದೆ. ಬಳ್ಳಿ ಗುಲಾಬಿಯ ಇಡೀ ಚರಿತ್ರೆ ಈ ಎರಡರ ನಡುವೆ ಹದ ಹುಡುಕಿದ ಚರಿತ್ರೆ. 1792ರಿಂದ 1824ರವರೆಗೆ ಚೀನಾದ ನಾಲ್ಕು ಗುಲಾಬಿಗಳು ಇಂಗ್ಲೆಂಡ್ ಸೇರಿದವು, ಆ ಸಾಗಾಟದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೂ ಪಾಲಿತ್ತು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ, ಅದೂ ಸೆಖೆಯ ಊರು, ಅಕ್ಕಿ ಬೆಳೆಯುವ ಊರು, ಜಾನ್ ಚಾಂಪ್ನೀಸ್ ಎಂಬ ಬೆಳೆಗಾರನ ತೋಟದಲ್ಲಿ 19ನೇ ಶತಮಾನದ ಆರಂಭದಲ್ಲಿ ಚೀನಾ ಗುಲಾಬಿಗೂ ಕಸ್ತೂರಿ ಗುಲಾಬಿಗೂ ಕೂಡಿ ಹುಟ್ಟಿದ ಬಳ್ಳಿಯಿಂದ ನೊಯ್ಸೆಟ್ ವಂಶ ಬೆಳೆಯಿತು. ಕಸ್ತೂರಿ ಗುಲಾಬಿಯ ವಿಶೇಷವೆಂದರೆ ಅದರ ಕಂಪು ಎಸಳಿಗಿಂತ ಹೆಚ್ಚಾಗಿ ಕೇಸರದಿಂದ ಬರುತ್ತದೆ, ಮೂಗಿಗೆ ಹಿಡಿಯದೆಯೂ ಗಾಳಿಯಲ್ಲಿ ದೂರಕ್ಕೆ ಹರಿಯುತ್ತದೆ. ಹಂದರದ ಹೂವಿಗೆ ಬೇಕಾದದ್ದು ಇದೇ ಗುಣ. ಈ ವಂಶಕ್ಕೆ ಚೀನಾದ ಟೀ ಗುಲಾಬಿಯ ರಕ್ತ ಸೇರಿದಾಗ 1830ರಲ್ಲಿ ಲಾಮಾರ್ಕ್, 1864ರಲ್ಲಿ ಹಳದಿಯ ಮರೆಷಲ್ ನೀಲ್ ಬಂದವು. ಚಳಿ ಯುರೋಪಿನಲ್ಲಿ ಮರೆಷಲ್ ನೀಲನ್ನು ಗಾಜಿನ ಮನೆಯಲ್ಲಿಟ್ಟು ಕಾಯಬೇಕಿತ್ತು. ಬಿಸಿಲಿನ ದೇಶಗಳಲ್ಲಿ ಅದು ಬಯಲಲ್ಲೇ ಬೆಳೆಯಿತು, ನಮ್ಮ ದೇಶದ ದಂಡಿನ ಊರುಗಳ ಬಂಗಲೆಗಳಿಗೂ ಬಂತು. ಲಿಂಗಸುಗೂರು 19ನೇ ಶತಮಾನದಲ್ಲಿ ಅಂಥದೊಂದು ಛಾವಣಿಯ ಊರಾಗಿತ್ತು.

ಇದೇ ಕಾಲದ ಇನ್ನೊಂದು ಕವಲು ನಮಗೆ ಇನ್ನೂ ಹತ್ತಿರದ್ದು. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಲ್ಲಿ, ಅಂದರೆ ಈಗಿನ ರಿಯೂನಿಯನ್‌ನಲ್ಲಿ, ಬೇಲಿಗೆಂದು ಚೀನಾ ಗುಲಾಬಿಯನ್ನೂ ಡಮಾಸ್ಕನ್ನೂ ನೆಡುತ್ತಿದ್ದರು. ಇವೆರಡೂ ಬೆರೆತ ಬೂರ್ಬೋನ್ ಗುಲಾಬಿಯೇ ನಮ್ಮಲ್ಲಿ ಎಡ್ವರ್ಡ್ ಗುಲಾಬಿ ಎಂದು ಹೆಸರಾದದ್ದು. ಪನ್ನೀರು ಗುಲಾಬಿ ಎಂದು ದಕ್ಷಿಣದಲ್ಲಿ ಬಿಡಿ ಹೂವಿಗೆ ಬೆಳೆಯುವುದೂ ಇದರ ಬಳಗವೇ. ಡಮಾಸ್ಕಿನ ಪರಿಮಳ, ಚೀನಾದ ಬಿಡದೆ ಹೂ ಬಿಡುವ ಗುಣ, ಉದ್ದುದ್ದ ಕೊಂಬೆ, ಬಿಸಿಲಿಗೆ ಬಗ್ಗದ ಮೈ ಈ ನಾಲ್ಕನ್ನೂ ಇದು ಪಡೆದಿದೆ. ಕಡು ಕೆಂಪಿನ ಗ್ರೂಸ್ ಆನ್ ಟೆಪ್ಲಿಟ್ಸ್ 1897ರಲ್ಲಿ ಹೊರಬಂದದ್ದು ಮಧ್ಯ ಯುರೋಪಿನಲ್ಲಾದರೂ ಅದರ ಮೈಯಲ್ಲೂ ಚೀನಾ, ಬೂರ್ಬೋನ್ ರಕ್ತ ಹರಿದಿದೆ. ಭಾರತದಲ್ಲಿ ಮಾಲೆ ಕಟ್ಟುವವರು ಅದನ್ನು ಇಂದಿಗೂ ಬಿಟ್ಟಿಲ್ಲ.

ಆಮೇಲೆ ಚರಿತ್ರೆ ಬೇರೆ ದಿಕ್ಕು ಹಿಡಿಯಿತು. 20ನೇ ಶತಮಾನದ ಆರಂಭದಲ್ಲಿ ಗುಲಾಬಿಯ ವ್ಯಾಪಾರ ನಡೆಯುತ್ತಿದ್ದುದು ಹಿಮ ಬೀಳುವ ದೇಶಗಳಲ್ಲಿ, ಆದ್ದರಿಂದ ತಳಿಗಾರರು ಹುಡುಕಿದ್ದು ಹಿಮ ತಡೆಯುವ ಗುಣವನ್ನು. ಜಪಾನಿನ ವಿಚುರಾನಾ ಜಾತಿಯಿಂದ ಬಂದ ಡಾ. ವ್ಯಾನ್ ಫ್ಲೀಟ್ 1910ರಲ್ಲಿ ಹೊರಬಂತು. ಅದರ ಕೊಂಬೆಯೊಂದು ತಾನಾಗಿ ಬದಲಾಗಿ 1930ರಲ್ಲಿ ನ್ಯೂ ಡಾನ್ ಆಯಿತು, ಮರುವರ್ಷ ಅಮೆರಿಕದ ಮೊತ್ತಮೊದಲ ಸಸ್ಯ ಪೇಟೆಂಟು ಅದಕ್ಕೇ ಸಿಕ್ಕಿತು. ಇನ್ನೊಂದು ಕಡೆ, ಹೈಬ್ರಿಡ್ ಟೀ ಗಿಡಗಳಲ್ಲಿ ಅಕಸ್ಮಾತ್ ಉದ್ದಕ್ಕೆ ಹೊರಟ ಕೊಂಬೆಗಳನ್ನು ಕಸಿ ಮಾಡಿ 'ಕ್ಲೈಂಬಿಂಗ್' ಎಂಬ ಹೆಸರು ಅಂಟಿಸಿ ಮಾರಿದರು. ಇಂಥ ಬಳ್ಳಿಗಳು ಮೂಲ ಗಿಡಕ್ಕಿಂತ ಕಡಿಮೆ ಹೂ ಬಿಡುವುದುಂಟು, ಮೊದಲ ವರ್ಷಗಳಲ್ಲಿ ಕಟುವಾಗಿ ಸವರಿದರೆ ಮತ್ತೆ ಗಿಡ್ಡ ಗಿಡವಾಗುವುದೂ ಉಂಟು. ನಮ್ಮ ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವುದು ಈ ಎರಡು ಬಗೆಯವೇ. ನ್ಯೂ ಡಾನ್ ಚೆಲುವಾದ ಗುಲಾಬಿ, ಅದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಆರಿಸಿದ್ದು ಯಾವ ಕಷ್ಟಕ್ಕೆಂದು ನೋಡಿದರೆ ಆ ಕಷ್ಟ ಸಿಂಧನೂರಿನಲ್ಲಿ ಇಲ್ಲವೇ ಇಲ್ಲ. ಇಲ್ಲಿರುವ ಕಷ್ಟಗಳಿಗೆ ಅದನ್ನು ಯಾರೂ ಆರಿಸಲಿಲ್ಲ.

ಬಿಸಿಲಿನ ದೇಶದವರು ತಮ್ಮ ಗುಲಾಬಿಯನ್ನು ತಾವೇ ಕಟ್ಟಿಕೊಳ್ಳಬೇಕೆಂದು ಮೊದಮೊದಲು ಮಾಡಿ ತೋರಿಸಿದವರಲ್ಲಿ ಆಸ್ಟ್ರೇಲಿಯಾದ ಅಲಿಸ್ಟರ್ ಕ್ಲಾರ್ಕ್ ಒಬ್ಬ. ಅವನು ಬಳಸಿದ್ದು ಮಣಿಪುರ ಮತ್ತು ಬರ್ಮಾದ ಬೆಟ್ಟಗಳಲ್ಲಿ ಮರದ ತುದಿಯವರೆಗೆ ಹಬ್ಬುವ ಜೈಜಾಂಟಿಯಾ ಎಂಬ ಕಾಡು ಗುಲಾಬಿಯನ್ನು; 1924ರ ಲೊರೇನ್ ಲೀ ಆ ದೇಶದ ಮನೆಮಾತಾಯಿತು. ನಮ್ಮ ದೇಶದ ಕಾಡು ಗುಲಾಬಿ ಪರದೇಶದ ತೋಟಗಳನ್ನು ಹೀಗೆ ತುಂಬುತ್ತಿದ್ದಾಗ ನಾವು ಅವರ ಕ್ಯಾಟಲಾಗು ನೋಡಿ ಗಿಡ ತರಿಸುತ್ತಿದ್ದೆವು. ಗೋಧಿ ತಳಿಗಳಿಗೆ ಹೆಸರಾದ ಬಿ.ಪಿ. ಪಾಲ್ ಅವರು ದೆಹಲಿಯಲ್ಲಿ ಗುಲಾಬಿ ತಳಿ ಕೆಲಸಕ್ಕೆ ಗಟ್ಟಿ ನೆಲೆ ಒದಗಿಸಿದರು, 1966ರಲ್ಲಿ ಭಾರತದ ಗುಲಾಬಿಯ ಬಗ್ಗೆಯೇ ಪುಸ್ತಕ ತಂದರು. ಆದರೆ ಈ ಲೇಖನದ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಕೊಡೈಕೆನಾಲಿನ ಎಂ.ಎಸ್. ವೀರರಾಘವನ್ ಮತ್ತು ಗಿರಿಜಾ ವೀರರಾಘವನ್ ದಂಪತಿಯ ಕೆಲಸ. ಐಎಎಸ್ ಹುದ್ದೆಯಿಂದ ಬೇಗನೆ ನಿವೃತ್ತರಾಗಿ ಗುಲಾಬಿಗೆ ನಿಂತ ವೀರರಾಘವನ್ ಹಿಡಿದದ್ದು ಎರಡು ಭಾರತೀಯ ಜಾತಿಗಳನ್ನು. ಒಂದು ಮಣಿಪುರದ ಜೈಜಾಂಟಿಯಾ. ಇನ್ನೊಂದು ಬಂಗಾಳದ ನದಿದಂಡೆಗಳಲ್ಲಿ, ಮಳೆಗಾಲದ ನೆರೆಯಲ್ಲಿ ನಿಂತೂ ಬದುಕುವ ಕ್ಲೈನೋಫಿಲಾ. ಸೆಖೆಯ ಬಯಲು ಸೀಮೆಗೆ ಎಲೆ ಉದುರದ ಗುಲಾಬಿ ಬೇಕೆಂಬುದೇ ಅವರ ಗುರಿ. ಮಣಿಪುರ ಮ್ಯಾಜಿಕ್, ಗೋಲ್ಡನ್ ಥ್ರೆಶೋಲ್ಡ್ ಮೊದಲಾದ ಬಳ್ಳಿಗಳು ಅವರ ಕೈಯಿಂದ ಬಂದವು, ಕ್ಲೈನೋಫಿಲಾ ವಂಶದ ಒಂದು ಗುಲಾಬಿಗೆ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅವರ ಹೆಸರಿಟ್ಟರು. ಇಷ್ಟು ಹತ್ತಿರದಲ್ಲಿ ಆದ ಕೆಲಸದ ಫಲ ನಮ್ಮ ತಾಲೂಕು ಪೇಟೆಗಳಿಗೆ ತಲುಪದಿರುವುದು ದುಃಖದ ಸಂಗತಿ.

ವಂಶದ ಮಾತು ಇಷ್ಟು. ಬೇರಿನದು ಇನ್ನೂ ಮುಖ್ಯ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟ ಮೇಲೆ ಎಡದಂಡೆ ಕಾಲುವೆ ಈ ಜೋಳದ ನೆಲವನ್ನು ಭತ್ತದ ನೆಲವಾಗಿಸಿತು. ಅದರ ಜತೆಗೆ ಸವಳು, ಜವಳು ಬಂದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆಯೇ ಕೆಲಸ ನಡೆಯುತ್ತಿದೆ. ಗುಲಾಬಿ ಉಪ್ಪನ್ನು ತಾಳದ ಗಿಡ. ಸುಣ್ಣದ ಅಂಶ ಹೆಚ್ಚಿರುವ ಎರೆಯಲ್ಲಿ ಬೇರಿಗೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಜನ ಬಿಸಿಲಿನ ಹೊಡೆತವೆಂದು ತಿಳಿಯುವುದು ಬಹುಪಾಲು ಇದನ್ನೇ. ಕಸಿ ಗುಲಾಬಿಯ ಹೂವು ಒಂದು ತಳಿಯದು, ಬೇರು ಇನ್ನೊಂದರದು ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ಮಲ್ಟಿಫ್ಲೋರಾ ಬೇರು ಹುಳಿ ಮಣ್ಣಿಗೆ ಹೊಂದುವಂಥದ್ದು, ಕ್ಷಾರದ ನೆಲದಲ್ಲಿ ಸೊರಗುತ್ತದೆ. ಉತ್ತರ ಭಾರತದ ಕ್ಷಾರ ಮಣ್ಣಿನಲ್ಲಿ ಇಂಡಿಕಾ ಒಡೊರಾಟಾ, ಎಡ್ವರ್ಡ್ ಬೇರುಗಳನ್ನು ಬೆಳೆಗಾರರು ನೆಚ್ಚಿಕೊಂಡದ್ದು ಇದೇ ಅನುಭವದಿಂದ. ಆದ್ದರಿಂದ ಗಿಡ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಬೇರಿನದು. ಎಡ್ವರ್ಡ್ ಗುಲಾಬಿಯನ್ನು ಕಡ್ಡಿಯಿಂದಲೇ ಬೆಳೆಸಿಕೊಂಡರೆ ಆ ಪ್ರಶ್ನೆಯೂ ಬೇಡ, ಬೇರೂ ಅದರದೇ.

ನೀರಿಗೇ ಜಗಳವಿರುವ ನಾಡಿನಲ್ಲಿ ಹೂಬಳ್ಳಿಯ ಮಾತೇಕೆ ಎಂದು ಕಾಲುವೆಯ ಕೊನೆ ಭಾಗದ ರೈತರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಲೆಕ್ಕ ನೋಡಬಹುದು. ಬೆಳೆದ ಒಂದು ಬಳ್ಳಿಗೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ಎರಡೆರಡು ಕೊಡ ಹಾಕಿದರೆ ವರ್ಷಕ್ಕೆ 5 ಸಾವಿರ ಲೀಟರ್ ಮುಟ್ಟುವುದಿಲ್ಲ. ಒಂದು ಎಕರೆ ಭತ್ತದ ಒಂದು ಬೆಳೆಗೆ 1,200 ಮಿ.ಮೀ. ನೀರೆಂದು ಹಿಡಿದರೂ ಅದು 48 ಲಕ್ಷ ಲೀಟರ್ ದಾಟುತ್ತದೆ. ಅಂದರೆ ಒಂದು ಎಕರೆಯ ಭತ್ತದ ನೀರಿನಲ್ಲಿ ಸುಮಾರು ಸಾವಿರ ಮನೆಗಳ ಹಂದರ ಬದುಕುತ್ತದೆ. ನೀರಿನ ಪ್ರಮಾಣಕ್ಕಿಂತ ಗುಣವೇ ತೊಡಕು: ಕಾಲುವೆ ನಿಂತಾಗ ಬೋರಿನ ಗಡಸು ನೀರೊಂದೇ ಗತಿ. ಮಳೆನೀರು ಹಿಡಿದಿಟ್ಟು ತಿಂಗಳಿಗೊಮ್ಮೆಯಾದರೂ ಬುಡ ತೊಳೆಯುವಂತೆ ಹಾಕಿದರೆ ಉಪ್ಪು ಕೆಳಗಿಳಿಯುತ್ತದೆ. ಶುದ್ಧ ನೀರಿನ ಘಟಕ ಹೊರಗೆ ಬಿಡುವ ನೀರು ಉಪ್ಪು ಕೂಡಿದ್ದು, ಅದನ್ನು ಮಾತ್ರ ಗುಲಾಬಿಗೆ ಹಾಕಬಾರದು.

ಮಲ್ಲಿಗೆ ಇರುವಾಗ ಗುಲಾಬಿ ಏಕೆ ಎನ್ನುವವರೂ ಇದ್ದಾರೆ. ಮಲ್ಲಿಗೆಯನ್ನು ಕಿತ್ತು ಗುಲಾಬಿ ನೆಡಬೇಕೆಂಬುದು ಇಲ್ಲಿಯ ವಾದವಲ್ಲ. ಮಲ್ಲಿಗೆಯ ಸುಗ್ಗಿ ಬೇಸಿಗೆ, ಅರಳುವ ಹೊತ್ತು ಸಂಜೆ. ಗುಲಾಬಿಯ ಸುಗ್ಗಿ ಇಲ್ಲಿ ನವೆಂಬರಿನಿಂದ ಫೆಬ್ರವರಿ, ಕಂಪಿನ ಹೊತ್ತು ಬೆಳಗು. ಬಿಸಿಲೇರಿದಂತೆ ಎಣ್ಣೆಯ ಅಂಶ ಆರಿಹೋಗುತ್ತದೆ. ಮಲ್ಲಿಗೆ ಬರಿದಾಗಿರುವ ತಿಂಗಳುಗಳಲ್ಲೇ ಗುಲಾಬಿ ತುಂಬುವುದರಿಂದ ಎರಡೂ ಇದ್ದರೆ ಹಂದರಕ್ಕೆ ವರ್ಷದ ಬಹುಭಾಗ ಹೂವು. ಪೇಟೆಯಲ್ಲಿ ಸಿಗುವ ಉದ್ದ ತೊಟ್ಟಿನ ಗುಲಾಬಿ ಸಾಲದೇ ಎಂದರೆ, ಅದನ್ನು ಆರಿಸಿರುವುದು ಸಾಗಾಟ ತಡೆದು ಹೂದಾನಿಯಲ್ಲಿ ಬಾಳುವುದಕ್ಕೆ. ಪರಿಮಳ ಆ ಆಯ್ಕೆಯಲ್ಲಿ ಬಿಟ್ಟುಹೋಗಿದೆ.

ಬೆಳೆಸುವ ರೀತಿಯೂ ಬದಲಾಗಬೇಕು. ಗುಲಾಬಿಗೆ ಕುಡಿಬಳ್ಳಿಯಿಲ್ಲ, ತಾನಾಗಿ ಸುತ್ತದು, ಕಟ್ಟಬೇಕು. ಕೊಂಬೆಯನ್ನು ನೇರ ಮೇಲಕ್ಕೆ ಬಿಟ್ಟರೆ ತುದಿಯಲ್ಲಿ ನಾಲ್ಕು ಹೂ; ಅಡ್ಡಡ್ಡ ಬಗ್ಗಿಸಿ ಹಂದರಕ್ಕೆ ಕಟ್ಟಿದರೆ ತುದಿಯ ಹಿಡಿತ ಸಡಿಲಿ ಗಿಣ್ಣುಗಿಣ್ಣಿನಲ್ಲೂ ಚಿಗುರು, ಪ್ರತಿ ಚಿಗುರಿಗೂ ಹೂ. ಮೊದಲ ಎರಡು ವರ್ಷ ಒಣ ಕಡ್ಡಿ ತೆಗೆಯುವುದಷ್ಟೇ ಸವರುವಿಕೆ. ಆಮೇಲೆ ಮುಂಗಾರು ಕಳೆದು ಅಕ್ಟೋಬರಿನಲ್ಲಿ ಪಕ್ಕದ ಚಿಗುರುಗಳನ್ನು ಮೋಟು ಮಾಡಿದರೆ 40ರಿಂದ 50 ದಿನಕ್ಕೆ ಹೂ. ಪಡುವಣ ಗೋಡೆ ಬೇಡ, ಮಧ್ಯಾಹ್ನದ ಕಾವು ಕಲ್ಲುಗೋಡೆಯಿಂದ ರಾತ್ರಿಯವರೆಗೂ ಹೊಮ್ಮುತ್ತದೆ. ಮೂಡಣದ ಬಿಸಿಲು ಸಾಕು. ಎರೆ ನೆಲದಲ್ಲಿ ಎರಡಡಿ ಗುಂಡಿ ತೆಗೆದು ಮಸಾರಿ ಮಣ್ಣು, ಹಳೆಯ ತಿಪ್ಪೆಗೊಬ್ಬರ, ಬೇವಿನ ಹಿಂಡಿ ತುಂಬಿ ನೆಲಮಟ್ಟಕ್ಕಿಂತ ಏರಿಸಿ ನೆಡಬೇಕು, ಮಳೆಗಾಲದಲ್ಲಿ ನೀರು ನಿಲ್ಲಬಾರದು. ಬೇಸಿಗೆಯಲ್ಲಿ ಭತ್ತದ ಹುಲ್ಲನ್ನು ಬುಡಕ್ಕೆ ಹೊದಿಸಬಹುದು, ಸಿಂಧನೂರಿನಲ್ಲಿ ಅದಕ್ಕೇನೂ ಕೊರತೆಯಿಲ್ಲ. ಮೊಗ್ಗಿಗೆ ಥ್ರಿಪ್ಸ್, ಎಲೆಯಡಿಗೆ ಜೇಡನುಸಿ ಒಣ ಹವೆಯಲ್ಲಿ ಬರುತ್ತವೆ. ಬೆಳಿಗ್ಗೆ ಎಲೆಯ ಕೆಳಗೆ ನೀರು ಚಿಮ್ಮಿಸುವುದೇ ನುಸಿಗೆ ಮೊದಲ ಮದ್ದು. ಹಿಮದ ನಾಡಿನಲ್ಲಿ ಕಾಡುವ ಕರಿಚುಕ್ಕೆ ರೋಗಕ್ಕೆ ಎಲೆ ತಾಸುಗಟ್ಟಲೆ ತೇವವಾಗಿರಬೇಕು, ಹಾಗಾಗಿ ಮಳೆಗಾಲ ಬಿಟ್ಟರೆ ನಮ್ಮಲ್ಲಿ ಅದರ ಕಾಟ ಕಡಿಮೆ. ನಮ್ಮ ಒಣ ಹವೆ ಗುಲಾಬಿಗೆ ಮಾಡುವ ಈ ಉಪಕಾರವನ್ನು ಯಾರೂ ಎಣಿಸುವುದಿಲ್ಲ.

ಇನ್ನು ಆಗಬೇಕಾದದ್ದು ನೆಲದ ಮೇಲಿನ ಪರೀಕ್ಷೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ತೋಟಗಾರಿಕೆ ಇಲಾಖೆಯೂ ಸಿಂಧನೂರಿನ ಎರೆ, ಮಸ್ಕಿಯ ಗುಡ್ಡದ ಬುಡದ ಮಸಾರಿ, ಲಿಂಗಸುಗೂರಿನ ಮಿಶ್ರ ನೆಲ ಮೂರರಲ್ಲೂ ನೊಯ್ಸೆಟ್, ಬೂರ್ಬೋನ್, ಜೈಜಾಂಟಿಯಾ ವಂಶದ ಬಳ್ಳಿಗಳನ್ನು ಬೇರೆ ಬೇರೆ ಬೇರುಗಳ ಮೇಲೆ ಕಟ್ಟಿ ಐದು ವರ್ಷ ನೋಡಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಅದಕ್ಕೆ ಒಂದು ಎಕರೆಯೂ ಬೇಕಿಲ್ಲ. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು: ಈ ಅಕ್ಟೋಬರಿನಲ್ಲಿ ಹೆಸರೇ ಇಲ್ಲದ ಕುಂಡದ ಗಿಡ ಕೊಳ್ಳುವ ಬದಲು ಎಡ್ವರ್ಡ್ ಗುಲಾಬಿಯ ನಾಲ್ಕು ಕಡ್ಡಿ ತಂದು, ಮೂಡಣದ ಹಂದರದ ಬುಡದಲ್ಲಿ ನೆಡಿ.