ಬರ್ಮಿಂಗ್‌ಹ್ಯಾಮಿನ ಕುರ್‌ಆನ್ ಹಾಳೆಗಳು

ಇಸ್ಲಾಂ ಧರ್ಮದ ಆರಂಭಕಾಲದ ಅಧ್ಯಯನಕ್ಕೆ ವಿಶ್ವವಿದ್ಯಾನಿಲಯದ ಗ್ರಂಥಾಲಯ ಎಂತಹ ಆಕರವಾಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾನಿಲಯದಲ್ಲಿರುವ ಎರಡು ಚರ್ಮಪತ್ರಗಳು ನಿದರ್ಶನ. ಎಡ್ವರ್ಡ್ ಕ್ಯಾಡ್‌ಬರಿಯವರ ಧನಸಹಾಯದಿಂದ ಇರಾಕ್ ಮೂಲದ ವಿದ್ವಾಂಸ ಆಲ್ಫೋನ್ಸ್ ಮಿಂಗಾನ 1920ರ ದಶಕದಲ್ಲಿ ಸಂಗ್ರಹಿಸಿದ ಮೂರು ಸಾವಿರಕ್ಕೂ ಮಿಕ್ಕ ಹಸ್ತಪ್ರತಿಗಳಲ್ಲಿ ಇವೂ ಸೇರಿದ್ದವು. ಆದರೆ ಮತ್ತೊಂದು ಕುರ್‌ಆನ್ ಪ್ರತಿಯ ಹಾಳೆಗಳೊಡನೆ ಒಂದೇ ಕಟ್ಟಿನಲ್ಲಿ ಬೆರೆತು, ಗ್ರಂಥಸೂಚಿಯಲ್ಲಿ ಒಂದೇ ಪ್ರತಿಯಾಗಿ ದಾಖಲಾಗಿದ್ದವು. ಸೂಚಿಯನ್ನಷ್ಟೇ ನೆಚ್ಚಿದವರಿಗೆ ಇವು ಕಾಣುವಂತಿರಲಿಲ್ಲ.

ಸಂಶೋಧಕಿ ಆಲ್ಬಾ ಫೆದೆಲಿ ಹಾಳೆಗಳನ್ನೇ ಓದಿ ಬರವಣಿಗೆಯ ಭೇದವನ್ನು ಗುರುತಿಸಿದರು. 18ರಿಂದ 20ನೆಯ ಸೂರಾಗಳ ಭಾಗಗಳುಳ್ಳ ಇವುಗಳ ಲಿಪಿ ಹಿಜಾಜಿ. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ 16 ಹಾಳೆಗಳೂ ಇದೇ ಪ್ರತಿಯವೆಂದು ತಿಳಿದುಬಂದಿತು.

2015ರಲ್ಲಿ ಪ್ರಕಟವಾದ ಆಕ್ಸ್‌ಫರ್ಡಿನ ಇಂಗಾಲ-14 ಪರೀಕ್ಷೆ ಇವುಗಳ ಕಾಲವನ್ನು ಶೇ. 95.4ರ ಸಂಭಾವ್ಯತೆಯೊಡನೆ ಕ್ರಿ.ಶ. 568–645 ಎಂದು ಸೂಚಿಸಿತು. ಪ್ರವಾದಿ ಮುಹಮ್ಮದರು ನಿಧನರಾದುದು 632ರಲ್ಲಿ. ಇದನ್ನೇ ಬರಹದ ಕಾಲವೆಂದು ಕೆಲವರು ಸಾರಿದುದು ಅವಸರದ ಮಾತು. ಪರೀಕ್ಷೆಗೊಳಗಾದುದು ಚರ್ಮವೇ ಹೊರತು ಮಸಿಯಲ್ಲ. ಸೂರಾಗಳ ನಡುವಣ ಗೆರೆ, ಆಯತ್‌ಗಳ ವಿಭಜನೆ ಮೊದಲಾದ ಲಕ್ಷಣಗಳನ್ನು ಆಧರಿಸಿ ಹಲವು ವಿದ್ವಾಂಸರು ಬರಹವನ್ನು ಏಳನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿಸುತ್ತಾರೆ.