ಹೆಣ್ಮಕ್ಕಳು ಎರಡು ಸಲ ಉಳಿಸಿದ ಅಡವಿ

ಅಮೆರಿಕಾದ ವಾಷಿಂಗ್ಟನ್ ರಾಜ್ಯದಾಗ, ಸಿಯಾಟಲ್‌ದಿಂದ ರೇನಿಯರ್ ಪರ್ವತದ ಕಡೆ ಹೋಗೋ ಹೆದ್ದಾರಿ ಮಗ್ಗಲಕ್ಕ ಒಂದು ಸಣ್ಣ ಅಡವಿ ಅದ. ಹೆಸರು ಫೆಡರೇಶನ್ ಫಾರೆಸ್ಟ್. ಇರೂದು ಸುಮಾರು 570 ಎಕರೆ. ಆದ್ರ ಒಳಗಿನ ಗಿಡಗಳು ನೂರಾರು ವರ್ಷದವು. ಡಗ್ಲಸ್ ಫರ್, ಕೆಂಪು ಸೀಡರ್, ಹೆಮ್ಲಾಕ್, ಸ್ಪ್ರೂಸ್. ತುದಿ ನೋಡಬೇಕಂದ್ರ ಕುತ್ತಿಗಿ ನೋಯ್ತದ.

ಫೆಡರೇಶನ್ ಅಂದ್ರ ಯಾವುದೋ ಸರಕಾರಿ ಖಾತೆ ಅಂತ ತಿಳಕೋಬ್ಯಾಡ್ರಿ. ಅದು ಮಹಿಳಾ ಮಂಡಳಗಳ ಒಕ್ಕೂಟ! 1896ರಾಗ ಆ ರಾಜ್ಯದ ಊರೂರಿನ ಮಂಡಳಗಳು ಕೂಡಿ ಕಟ್ಟಿದ್ದು. ಅಲ್ಲಿ ಹೆಣ್ಮಕ್ಕಳಿಗೆ ಓಟು ಹಾಕೋ ಹಕ್ಕು ಪಕ್ಕಾ ಆಗಿದ್ದು 1910ಕ್ಕ, ಅಂದ್ರ ಅದಕ್ಕೂ 14 ವರ್ಷ ಮೊದಲ ಇವರು ಸಂಘಟನೆ ಮಾಡಿಕೊಂಡಿದ್ರು.

1920ರ ದಶಕದಾಗ ಮೋಟಾರು ರಸ್ತೆ ಆದಂಗೆಲ್ಲ ರಸ್ತೆ ಮಗ್ಗಲದ ದೊಡ್ಡ ಗಿಡಗಳಿಗೆ ಕೊಡಲಿ ಬೀಳಲಿಕ್ಕೆ ಹತ್ತಿತು. ಆಗ ಈ ಹೆಣ್ಮಕ್ಕಳು ರೊಕ್ಕ ಕೂಡಿಸಿ, ಸ್ನೊಕ್ವಾಲ್ಮಿ ಘಾಟದ ಹೆದ್ದಾರಿ ಹತ್ತರ ಒಂದು ತುಂಡು ಅಡವಿ ಉಳಿಸಿಕೊಂಡ್ರು. ಅದು ಬ್ಯಾರೆ ಜಾಗಾ, ಈಗಿನದಲ್ಲ.

ಆ ತುಂಡು ಭಾಳ ಸಣ್ಣದಿತ್ತು. ಸುತ್ತಲಿನ ಗಿಡ ಕಡದು ಬಯಲಾತು. ದಟ್ಟ ಅಡವಿಯಾಗ ಬೆಳೆದ ಗಿಡ ಒಂದಕ್ಕೊಂದು ಆಸರಿ, ಮಗ್ಗಲದ್ದು ಗಾಳಿ ತಡೀತದ. ಆಸರಿ ಹೋದ ಮ್ಯಾಲೆ ಉಳಿದವು ಬಿರುಗಾಳಿಗೆ ಬೀಳಲಿಕ್ಕೆ ಶುರು ಆದವು. ಅಷ್ಟು ಕಷ್ಟಪಟ್ಟು ಉಳಿಸಿದ್ದು ಹಿಂಗಾದ್ರ ನಾವಾದ್ರ "ನಮ್ಮ ನಸೀಬ" ಅಂತ ಸುಮ್ಮ ಕೂಡ್ತಿದ್ದಿವೇನೋ. ಅವರು ಕೂಡಲಿಲ್ಲ. ಹಟ ಹಿಡದು, 1940ರ ದಶಕದಾಗ ಅದರ ಬದಲಿ ವೈಟ್ ರಿವರ್ ದಂಡಿ ಮ್ಯಾಲಿನ ಈಗಿನ ಅಡವಿ ಪಡಕೊಂಡ್ರು. ಈ ಸಲ ಮೊದಲಿನಕಿಂತ ಎಷ್ಟೋ ಪಟ್ಟು ದೊಡ್ಡದು.

ಈ ಜಾಗಾದಾಗ ಇನ್ನೊಂದು ಇತಿಹಾಸ ಅದ. ಗಿಡಗಳ ನಡುವ ನ್ಯಾಚೀಸ್ ಅನ್ನೋ ಹಳೇ ಬಂಡಿದಾರಿಯ ಗುರುತು ಇನ್ನೂ ಉಳದದ. ಮೊದಲು ಅದು ಮೂಲನಿವಾಸಿಗಳ ಕಾಲ್ದಾರಿ. ಘಾಟದ ಆ ಕಡೆ ಯಾಕಿಮಾ ಜನ, ಈ ಕಡೆ ನಿಸ್ಕ್ವಾಲಿ ಜನ. ಎರಡೂ ಕಡೆ ವ್ಯಾಪಾರ ಇತ್ತು, ಹೆಣ್ಣು ಕೊಟ್ಟು ತರೋ ಬೀಗಸ್ತನಾನೂ ಇತ್ತು. 1853ರಾಗ ಲಾಂಗ್‌ಮೈರ್ ಮತ್ತ ಬೈಲ್ಸ್ ಅನ್ನೋರ ತಂಡ ಹೆಂಡ್ರು ಮಕ್ಕಳನ್ನ ಕರಕೊಂಡು, 30ಕ್ಕೂ ಹೆಚ್ಚು ಬಂಡಿ ಹೊಡಕೊಂಡು ಇಲ್ಲಿ ಬಂತು. ಬಂಡಿರಸ್ತೆ ಆಗೇದ ಅಂತ ನಂಬಿ ಬಂದಿದ್ರು. ನೋಡಿದ್ರ ರಸ್ತೆ ಅರ್ಧಮರ್ಧ! ಒಂದು ಕಡಿದಾದ ಇಳಿಜಾರಿನಾಗ ಬಂಡಿಗಳನ್ನ ಹಗ್ಗ ಕಟ್ಟಿ ಇಳಸಬೇಕಾತು. ಹಗ್ಗ ಸಾಲದಾಗ ತಮ್ಮ ಎತ್ತುಗಳನ್ನ ಕೊಂದು, ಚರ್ಮ ಸೀಳಿ ಹಗ್ಗಕ್ಕ ಜೋಡಿಸಿದ್ರು ಅಂತ ತಂಡದಾಗ ಇದ್ದವರೊಬ್ಬರು ಆಮ್ಯಾಲೆ ಹೇಳಿಕೊಂಡ್ರು. ತಿಂಗಳಾನುಗಟ್ಟಲೆ ಎಳೆದು ತಂದ ಎತ್ತು! ಇದನ್ನ ಓದಿದಾಗ ನನಗ ಊಟ ಸೇರಲಿಲ್ಲ.

ಒಕ್ಕೂಟದ ಹೆಣ್ಮಕ್ಕಳೊಳಗ ನನಗ ಭಾಳ ಹಿಡಿಸಿದವರು ಕ್ಯಾಥರೀನ್ ಮಾಂಟ್ಗೊಮರಿ. ಬೆಲಿಂಗ್‌ಹ್ಯಾಮ್ ಊರಾಗ ಶಿಕ್ಷಕರನ್ನ ತಯಾರು ಮಾಡೋ ಶಾಲಿಯ ಅಕ್ಕೋರು. ಗುಡ್ಡ ಹತ್ತೋ ಹುಚ್ಚು ಬ್ಯಾರೆ. 1926ರಾಗ ಪಠ್ಯಪುಸ್ತಕ ಮಾರಲಿಕ್ಕೆ ಬಂದ ಜೋಸೆಫ್ ಹಜಾರ್ಡ್ ಅನ್ನೋ ಪರ್ವತಾರೋಹಿ ಮುಂದ, ಕೆನಡಾ ಗಡಿಯಿಂದ ಮೆಕ್ಸಿಕೋ ಗಡಿತನಕ ಗುಡ್ಡದ ನೆತ್ತಿ ಮ್ಯಾಲೆ ಒಂದು ಕಾಲ್ದಾರಿ ಯಾಕ ಆಗಬಾರದು ಅಂತ ವಿಷಯ ತಗದ್ರು. ಆತ ಅದನ್ನ ಪರ್ವತಾರೋಹಿ ಸಂಘಗಳಿಗೆ ಮುಟ್ಟಿಸಿದ. ಅದ ಮುಂದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಆತು, 4,200 ಕಿಲೋಮೀಟರಿಗೂ ಹೆಚ್ಚು.

ಅಕ್ಕೋರು 1957ರಾಗ ತೀರಿಕೊಂಡ್ರು. ಆಸ್ತಿ ಈ ಅಡವಿಗೆ ಬರೆದಿಟ್ಟಿದ್ರು. ಆ ರೊಕ್ಕದಾಗ ಕಟ್ಟಿದ ಮಾಹಿತಿ ಕೇಂದ್ರಕ್ಕ ಅವರದ ಹೆಸರು. ಅವರು ಕನಸು ಕಂಡ ಕಾಲ್ದಾರಿಗೆ ಸರಕಾರದ ಕಾಯ್ದೆ ಬಂದದ್ದು 1968ಕ್ಕ. ಇಲ್ಲಿಂದ ಮ್ಯಾಲೆ, ನ್ಯಾಚೀಸ್ ಘಾಟದ ಹತ್ತರ, ಆ ಕಾಲ್ದಾರಿ ಈ ಹಳೇ ಬಂಡಿದಾರಿಯನ್ನ ದಾಟಿಕೊಂಡ ಹೋಗ್ತದ.