ವೆಬ್‌ಕಾಮಿಕ್ಸ್: ಬೆರಳ ತುದಿಯ ನಗೆಚಿತ್ರಗಳು

ಅಚ್ಚಿನ ಹಂಗಿಲ್ಲದೆ ನೇರವಾಗಿ ಅಂತರ್ಜಾಲದಲ್ಲೇ ಪ್ರಕಟವಾಗುವ ಚಿತ್ರಕಥೆಗೆ ವೆಬ್‌ಕಾಮಿಕ್ಸ್ ಎನ್ನುತ್ತಾರೆ. 1993ರಲ್ಲಿ ಡೇವಿಡ್ ಫಾರ್ಲಿ ಆರಂಭಿಸಿದ ‘ಡಾಕ್ಟರ್ ಫನ್’ ವೆಬ್‌ನ ಮೊದಮೊದಲ ನಗೆಚಿತ್ರ ಮಾಲೆಗಳಲ್ಲೊಂದು. ಸಂಪಾದಕರ ಒಪ್ಪಿಗೆಗೆ ಕಾಯಬೇಕಿಲ್ಲ, ಅಂಕಣದ ಅಳತೆಯ ಕಟ್ಟೂ ಇಲ್ಲ. ವೆಬ್‌ಕಾಮಿಕ್ಸ್‌ನ ಬಲವೆಲ್ಲ ಇರುವುದು ಅಲ್ಲೇ.

ರೊದ್ದಂ ಸೀಮೆಯ ಹಿನ್ನೆಲೆ

ಆಂಧ್ರಪ್ರದೇಶದ ರೊದ್ದಂ, ಹಿಂದೂಪುರದ ಕಡೆಯವರಿಗೆ ಚಿತ್ರದಲ್ಲಿ ಕಥೆ ಓದುವುದು ಹೊಸದೇನಲ್ಲ. ಹಿಂದೂಪುರದ ಪಕ್ಕದ ಲೇಪಾಕ್ಷಿಯಲ್ಲಿ, ವೀರಭದ್ರ ಗುಡಿಯ ಚಾವಣಿಯ ಮೇಲೆ 16ನೇ ಶತಮಾನದ ವಿಜಯನಗರ ಚಿತ್ರಗಳಿವೆ. ಉದ್ದನೆಯ ಪಟ್ಟಿಗಳಲ್ಲಿ ಕಿರಾತಾರ್ಜುನೀಯದಂಥ ಕಥೆಗಳು ಸಾಗುತ್ತವೆ. ತಲೆಯೆತ್ತಿ ನಡೆಯುತ್ತಾ ಹೋದರೆ ಕಥೆಯೂ ನಡೆಯುತ್ತದೆ. ಧರ್ಮವರಂ ಬಳಿಯ ನಿಮ್ಮಲಕುಂಟ ತೊಗಲುಗೊಂಬೆ ಕಲಾವಿದರ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯಾಟದಲ್ಲಿ ರಾಮಾಯಣದ ನಡುವೆ ಬಂಗಾರಕ್ಕನೆಂಬ ಹಾಸ್ಯದ ಗೊಂಬೆ ಮತ್ತವಳ ಜೊತೆಗಾರ ನುಗ್ಗಿ ಬಂದು ಊರಿನ ಸುದ್ದಿಯನ್ನೇ ಹಾಸ್ಯ ಮಾಡುತ್ತಾರೆ. ಗಂಭೀರ ಕಥೆಯ ಪಕ್ಕದಲ್ಲೇ ಇವತ್ತಿನ ಮಾತನ್ನು ಆಡಿಸುವ ಈ ಜಾಣತನವೇ ಹಲವು ವೆಬ್‌ಕಾಮಿಕ್ಸ್‌ಗಳ ಜೀವಾಳ.

ಬೆಂಗಳೂರಿನ ಆರತಿ ಪಾರ್ಥಸಾರಥಿ 2014ರಲ್ಲಿ ಆರಂಭಿಸಿದ ‘ರಾಯಲ್ ಎಕ್ಸಿಸ್ಟೆನ್ಷಿಯಲ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಮಿನಿಯೇಚರ್ ವರ್ಣಚಿತ್ರಗಳ ರಾಜ, ರಾಣಿ, ದಾಸಿಯರ ಬಾಯಲ್ಲಿ ಅವರು ಇಂದಿನವರ ಕಳವಳಗಳನ್ನು ಆಡಿಸುತ್ತಾರೆ. ಅದೇ ವರ್ಷ ಶುರುವಾದ ರಚಿತಾ ತನೇಜಾ ಅವರ ‘ಸ್ಯಾನಿಟರಿ ಪ್ಯಾನೆಲ್ಸ್’ನಲ್ಲಿ ಇರುವುದು ಬರೀ ಕಡ್ಡಿ ಮನುಷ್ಯರು. ಆ ಕಡ್ಡಿಗೆರೆಗಳಿಗಾಗಿ 2020ರಲ್ಲಿ ಅವರು ನ್ಯಾಯಾಂಗ ನಿಂದನೆಯ ಪ್ರಕರಣ ಎದುರಿಸಬೇಕಾಯಿತು. ನಗೆಗೆ ಚೆಂದದ ಗೆರೆಗಿಂತ ದಿಟ್ಟ ಮಾತು ಮುಖ್ಯ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೊರವಂಜಿಯ ಬಳಗ

ವೆಬ್‌ಗೂ ಮೊದಲು ಕನ್ನಡದ ನಗೆಚಿತ್ರಕ್ಕೆ ನೆಲೆ ಕೊಟ್ಟ ಪತ್ರಿಕೆಗಳಲ್ಲಿ ರಾಶಿ (ಡಾ. ಎಂ. ಶಿವರಾಂ) 1942ರಲ್ಲಿ ಹೊರತಂದ ‘ಕೊರವಂಜಿ’ಗೆ ಮೊದಲ ಸ್ಥಾನ. ಮೈಸೂರಿನ ಆರ್.ಕೆ. ಲಕ್ಷ್ಮಣ್ ವಿದ್ಯಾರ್ಥಿಯಾಗಿದ್ದಾಗಲೇ ಅದಕ್ಕೆ ಚಿತ್ರ ಬರೆದವರು. ಇವತ್ತು ಕುಂದಾಪುರದ ಸತೀಶ್ ಆಚಾರ್ಯ ಅವರ ವ್ಯಂಗ್ಯಚಿತ್ರಗಳು ಬಹುತೇಕರಿಗೆ ಸಿಗುವುದು ಮೊಬೈಲಿನಲ್ಲೇ.

ನಗು ಹುಟ್ಟುವ ಜಾಗ

ಪತ್ರಿಕೆಯ ಪುಟದಲ್ಲಿ ಮೊದಲ ಚೌಕ ಓದುವಾಗಲೇ ಕೊನೆಯದು ಕಣ್ಣಿಗೆ ಬಿದ್ದಿರುತ್ತದೆ. ಮೊಬೈಲಿನಲ್ಲಿ ಹಾಗಾಗದು. ಇನ್‌ಸ್ಟಾಗ್ರಾಂ 2017ರಲ್ಲಿ ಒಂದೇ ಪೋಸ್ಟ್‌ಗೆ 10 ಚಿತ್ರ ಹಾಕಲು ಅವಕಾಶ ಕೊಟ್ಟ ಮೇಲೆ, ಬೆರಳು ಸರಿಸುವ ಆ ಗಳಿಗೆಯನ್ನೇ ಕಲಾವಿದರು ನಗೆಯ ತಿರುವಿಗೆ ಬಳಸಿಕೊಂಡರು. ಕೊರಿಯಾದಲ್ಲಿ ಬೆಳೆದ ವೆಬ್‌ಟೂನ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ; ಎರಡು ಚಿತ್ರಗಳ ನಡುವೆ ಬಿಟ್ಟ ಖಾಲಿ ಜಾಗ ಹೆಚ್ಚಿದಷ್ಟೂ ಕಾಯುವ ಹೊತ್ತು ಹೆಚ್ಚು. ರ್‍ಯಾಂಡಲ್ ಮನ್ರೋ 2005ರಿಂದ ಬರೆಯುತ್ತಿರುವ ‘ಎಕ್ಸ್‌ಕೆಸಿಡಿ’ಯಲ್ಲಿ ಇನ್ನೊಂದು ಗುಟ್ಟಿದೆ: ಚಿತ್ರದ ಮೇಲೆ ಮೌಸ್ ಇಟ್ಟರೆ ಎರಡನೆಯ ಜೋಕು ಕಾಣಿಸುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಬೇರೆಯದೇ ತೊಡಕು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಮಾತಿನ ಗುಳ್ಳೆಯಲ್ಲಿ ಸಾಲುಗಳ ಅಂತರ ಹೆಚ್ಚು ಬೇಕು, ಗುಳ್ಳೆ ದೊಡ್ಡದಾಗುತ್ತದೆ, ಚಿತ್ರಕ್ಕೆ ಜಾಗ ಕಡಿಮೆಯಾಗುತ್ತದೆ. ಅದಕ್ಕೇ ಮಾತು ಚುಟುಕಾಗಿರಬೇಕು. ಕೈಬರಹದಲ್ಲೇ ಬರೆದರೆ ಇನ್ನೂ ಚೆನ್ನ. ಅಕ್ಷರವೂ ಗೆರೆಯ ಗುಣ ಪಡೆಯುತ್ತದೆ.

ಹುಡುಕುವುದು, ಹಂಚುವುದು

ವಾಟ್ಸಾಪ್ ಗುಂಪಿಗೆ ಬರುವ ನಗೆಚಿತ್ರದಲ್ಲಿ ಎಷ್ಟೋ ಸಲ ಮೂಲೆಯ ಸಹಿಯನ್ನೇ ಕತ್ತರಿಸಿರುತ್ತಾರೆ. ಇದು ಸಣ್ಣ ವಿಷಯವಲ್ಲ; ಸಹಿ ಹೋದರೆ ಓದುಗ ಕಲಾವಿದರ ಬಳಿಗೆ ಹೋಗುವ ದಾರಿಯೇ ಮುಚ್ಚುತ್ತದೆ. ಇಷ್ಟವಾದ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು ಮೂಲ ಪುಟ ಹುಡುಕಿ. ಸಿಕ್ಕಿತೆಂದರೆ ಹಳೆಯ ಕಂತುಗಳಿಂದ ಓದಿ. ಪಾತ್ರಗಳ ಪರಿಚಯವಾದ ಹಾಗೆ ನಗೆಯೂ ಗಟ್ಟಿಯಾಗುತ್ತದೆ, ಗೆರೆ ಪಳಗಿದ್ದೂ ತಿಳಿಯುತ್ತದೆ.

ಹಂಚುವಾಗ ಚಿತ್ರ ಉಳಿಸಿಕೊಂಡು ಕಳಿಸುವ ಬದಲು ಮೂಲ ಪುಟದ ಕೊಂಡಿ ಕಳಿಸುವುದು ಸರಿ. ‘ಎಕ್ಸ್‌ಕೆಸಿಡಿ’ಯ ಚಿತ್ರಗಳನ್ನು ಕಲಾವಿದರ ಹೆಸರು ಹೇಳಿ, ಲಾಭಕ್ಕಲ್ಲದೆ ಯಾರು ಬೇಕಾದರೂ ಹಂಚಬಹುದು. ಎಲ್ಲರೂ ಈ ಅನುಮತಿ ಕೊಟ್ಟಿರುವುದಿಲ್ಲ. ಶಾಲೆಯ ಭಿತ್ತಿಪತ್ರಿಕೆಗೋ ಸಂಘದ ಸ್ಮರಣ ಸಂಚಿಕೆಗೋ ಬಳಸುವ ಮೊದಲು ಬರೆದವರನ್ನೇ ಕೇಳಬೇಕು.